ಸಮುದ್ರದ ಹಮಾಲಿಗೆ ದರವೆಷ್ಟು?

ಬೇಸಿಗೆ ಬಂತೆಂದರೆ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುವ ಕಲಬುರಗಿಯ ಜನರಾದ ನಾವು, ದುಡ್ಡು ಕೊಟ್ಟು ನೀರಿನ ತಳ ನೋಡಲು ಹೋಗುವುದೇ ಒಂದು ವಿನೋದ. ಮುಳುಗಿ ಎದ್ದ ಮೇಲೆ, ಮುಳುಗಿಸಿದವನಿಗೆ ಎಷ್ಟು ಕೊಡಬೇಕೆಂಬ ಚಿಂತೆಯಲ್ಲಿ ಮತ್ತೊಮ್ಮೆ ಮುಳುಗುವುದು ಅದಕ್ಕಿಂತ ದೊಡ್ಡ ವಿನೋದ.

ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ನಡುಗಡ್ಡೆಗೆ ಸ್ಕೂಬಾ ಡೈವಿಂಗಿಗೆಂದು, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದೊಳಗೆ ಇಳಿಯಲೆಂದು ಹೋದ ನಮ್ಮ ತಂಡಕ್ಕೆ ಭಾವನವರೇ ಮುಖಂಡರು. ನಮ್ಮೂರ ಧಾನ್ಯದ ಮಾರುಕಟ್ಟೆಯಾದ ಗಂಜಿನಲ್ಲಿ ಅವರದೊಂದು ದಾಲ್ ಮಿಲ್ ಇದೆ. ಒಂದು ಹಿಡಿ ತೊಗರಿಯನ್ನು ಅಂಗೈಯಲ್ಲಿ ಉಜ್ಜಿ ಅದರ ತೇವ ಎಷ್ಟೆಂದು ಹೇಳಬಲ್ಲ ಅವರು, ಪ್ರವಾಸಕ್ಕೆ ಮೊದಲು ಒಂದು ವಾರ ಮೊಬೈಲಿನಲ್ಲಿ ಕುಳಿತು ಬಕ್ಷೀಸಿನ ಅಂತಾರಾಷ್ಟ್ರೀಯ ಶಾಸ್ತ್ರವನ್ನು ಅಧ್ಯಯನ ಮಾಡಿದ್ದರು. ಅಮೆರಿಕದ ದೋಣಿಗಳಲ್ಲಿ ಒಂದು ಸಿಲಿಂಡರಿಗೆ, ಅಂದರೆ ಒಂದು ಸಲ ಮುಳುಗಿದ್ದಕ್ಕೆ, 5ರಿಂದ 10 ಡಾಲರು ಕೊಡುವ ರೂಢಿಯಿದೆ. ದಿನಗಟ್ಟಲೆ ದೋಣಿಯಲ್ಲಿಯೇ ಉಳಿಯುವ ಪ್ರವಾಸವಾದರೆ ಒಟ್ಟು ದರದ ಶೇ. 10ರಿಂದ 15ರಷ್ಟನ್ನು ಕೊನೆಯ ದಿನ ಲಕೋಟೆಯಲ್ಲಿ ಹಾಕಿ ಕೊಡಬೇಕು. ಜಪಾನಿನಲ್ಲಿ ಮಾತ್ರ ಕೊಡುವ ಪದ್ಧತಿಯೇ ಇಲ್ಲ. ಭಾವನವರಿಗೆ ಜಪಾನಿನ ಸಂಸ್ಕೃತಿಯ ಮೇಲೆ ಆಗಲೇ ವಿಶೇಷ ಗೌರವ ಮೂಡಿತು.

1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮಗೆ ಈ ಶಾಸ್ತ್ರ ಹೊಸದೇನೂ ಅಲ್ಲ. ಮೇಲಿನವರ ಮುಂದೆ ಬಗ್ಗಿ ಒಪ್ಪಿಸಿದರೆ ನಜರಾನಾ, ಕೆಳಗಿನವರ ಕಡೆಗೆ ಚಾಚಿದರೆ ಬಕ್ಷೀಸು. ನಜರಾನಾದಲ್ಲಿ ಒಂದು ಕಾಸು ಕಡಿಮೆಯಾದರೂ ನಡೆಯುತ್ತಿರಲಿಲ್ಲ. ಬಕ್ಷೀಸು ಮಾತ್ರ ಅಂದಿಗೂ ಇಂದಿಗೂ ಕೊಡುವವರ ಮರ್ಜಿ.

ದೋಣಿಯಲ್ಲಿ ನಮ್ಮನ್ನು ಸಿದ್ಧಗೊಳಿಸಿದವನು ಇಪ್ಪತ್ತರ ಆಸುಪಾಸಿನ ಹುಡುಗ. 200 ಬಾರ್ ಒತ್ತಡದಲ್ಲಿ, ಅಂದರೆ ಹೊರಗಿನ ಗಾಳಿಯ ಸುಮಾರು ಇನ್ನೂರು ಪಟ್ಟು ಒತ್ತಡದಲ್ಲಿ, ಗಾಳಿ ತುಂಬಿದ, ಹದಿನೈದು ಕಿಲೋ ತೂಗುವ ಸಿಲಿಂಡರುಗಳನ್ನು ಅಲುಗಾಡುವ ಹಲಗೆಯ ಮೇಲೆ ಬರಿಗಾಲಿನಲ್ಲಿ ನಿಂತು ಒಂದೊಂದಾಗಿ ಎತ್ತಿ ನಮ್ಮ ಬೆನ್ನಿಗೆ ಕಟ್ಟಿದ. ಮಾಸ್ಕಿನ ಗಾಜಿಗೆ ಮಂಜು ಕಟ್ಟದಿರಲು ಒಳಗಡೆ ಉಗುಳಿ ಉಜ್ಜಿ ತೊಳೆಯಬೇಕೆಂದು ತೋರಿಸಿದ. (ಈ ವಿಷಯದಲ್ಲಿ ನಮ್ಮೂರ ಬಸ್ ನಿಲ್ದಾಣದ ಗೋಡೆಗಳೇ ನಮಗೆ ಪ್ರಮಾಣಪತ್ರ ಕೊಟ್ಟಿರುವುದರಿಂದ ತಂಡದವರೆಲ್ಲರೂ ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾದೆವು.) ಆಮೇಲೆ ಇಳಿಸಿದವನು ತರಬೇತುದಾರ. ಹೊಸಬರಿಗೆ 12 ಮೀಟರಿಗಿಂತ ಕೆಳಗೆ ಅನುಮತಿಯಿಲ್ಲ. ಅಷ್ಟು ಆಳದವರೆಗೂ ಅವನು ಭಾವನವರ ಸಿಲಿಂಡರನ್ನು ಹಿಂದಿನಿಂದ ಹಿಡಿದೇ ಇದ್ದ, ಕಿವಿ ನೋಯುತ್ತಿದೆಯೇ ಎಂದು ಕೈಸನ್ನೆಯಲ್ಲಿ ಕೇಳುತ್ತಲೇ ಇದ್ದ.

ದೋಣಿಗೆ ಮರಳಿದ ಮೇಲೆ ಭಾವನವರು ಚೀಲದಿಂದ ಮದುವೆಯ ಆಯೇರಿಯ ಲಕೋಟೆಯೊಂದನ್ನು ತೆಗೆದರು. ಅದೇ, ಮೇಲೆ ಗಣಪತಿಯ ಚಿತ್ರವೂ ಮೂಲೆಯಲ್ಲಿ ಅಂಟಿಸಿದ ಒಂದು ರೂಪಾಯಿಯ ನಾಣ್ಯವೂ ಇರುವಂಥದ್ದು. ಲೆಕ್ಕಾಚಾರ ಆರಂಭವಾಯಿತು. ಶೇಕಡಾವಾರು ತೆಗೆಯಬೇಕಾದದ್ದು ಮೂಲ ದರದ ಮೇಲೋ, ಚೌಕಾಶಿ ಮಾಡಿ ಇಳಿಸಿದ ದರದ ಮೇಲೋ, ಜಿಎಸ್‌ಟಿ ಸೇರಿಸಿಯೋ ಬಿಟ್ಟೋ? ಉಸಿರು ಕಾಯ್ದ ತರಬೇತುದಾರನಿಗೆ ಎಷ್ಟು, ಭಾರ ಹೊತ್ತ ಹುಡುಗನಿಗೆ ಎಷ್ಟು, ದೋಣಿ ನಡೆಸಿದವನಿಗೆ ಎಷ್ಟು? ಆಮೆ ಕಂಡಿದ್ದರೆ ಶೇ. 15 ನ್ಯಾಯವಾಗಿತ್ತು, ಬರೀ ಗಿಳಿಮೀನುಗಳಿಗೆ ಶೇ. 10 ಸಾಕು ಎಂಬುದು ಭಾವನವರ ವಾದವಾಗಿತ್ತು.

ಗಂಜಿನಲ್ಲಿ ಚೀಲ ಎತ್ತುವವನಿಗೆ ಚೀಲಕ್ಕೆ ಇಷ್ಟೆಂದು ಹಮಾಲಿ ಮೊದಲೇ ಗೊತ್ತಾಗಿರುತ್ತದೆ. ಅದನ್ನು ಯಾರೂ ಔದಾರ್ಯವೆಂದು ಕರೆಯುವುದಿಲ್ಲ, ಪಡೆದವನು ಕೈಮುಗಿಯುವುದೂ ಇಲ್ಲ. ಟಿಪ್ ಎಂಬುದು ದರ ಹೇಳದ ಹಮಾಲಿ. ಈ ಜಾಣತನದ ಗುರುಪೀಠ ಅಮೆರಿಕ. ಟಿಪ್ ಸಿಗುವ ಕೆಲಸಗಾರನಿಗೆ ಮಾಲೀಕನು ತನ್ನ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಅಲ್ಲಿನ ಒಕ್ಕೂಟ ಕಾನೂನಿನಂತೆ ಗಂಟೆಗೆ 2.13 ಡಾಲರು, ಅದೂ 1991ರಿಂದ ಒಂದು ಸೆಂಟೂ ಏರಿಲ್ಲ. ಉಳಿದದ್ದು ಗಿರಾಕಿಯ ಮನಸ್ಸಾಕ್ಷಿಯ ಪಾಲು. ನಮ್ಮಲ್ಲಿ ಬಿಲ್ಲಿನೊಳಗೆ ತಾವಾಗಿಯೇ ಸೇವಾ ಶುಲ್ಕ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ಹೋಟೆಲುಗಳಿಗೆ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಎರಡೇ ತಿಂಗಳಿಗೆ ಅದೇ ಪ್ರಾಧಿಕಾರವು, ಬಾಡಿಗೆ ಗಾಡಿ ಬರುವ ಮೊದಲೇ ಟಿಪ್ ಕೇಳುವ ಆ್ಯಪಿನ ಬಗ್ಗೆ ನೋಟಿಸು ಕೊಡಬೇಕಾಯಿತು. ಸೇವೆಗೆ ಮುಂಚಿತವಾಗಿಯೇ ಸಲ್ಲಿಸುವುದಕ್ಕೆ ನಮ್ಮ ಕಚೇರಿಗಳಲ್ಲಿ ಬೇರೆ ಹೆಸರಿದೆ.

ಅಷ್ಟರಲ್ಲಿ ಸಿಲಿಂಡರಿನ ಹುಡುಗ ನಮ್ಮ ಮಾತು ಕೇಳಿ ಹತ್ತಿರ ಬಂದ. “ಯಾವೂರ್ರೀ ಸಾಹೇಬ್ರ? ನಮ್ದು ಶಹಾಪುರ ಕಡಿ ರೀ.” ಯಾದಗಿರಿ ಜಿಲ್ಲೆಯವನು! ಭಾವನವರ ಮುಖ ಅರಳಿತು. ಅವನ ಬೆನ್ನು ತಟ್ಟಿದರು, ಹೊಲ ಎಷ್ಟಿದೆ, ಈ ಸಲ ಮಳೆ ಹೇಗೆ ಎಂದೆಲ್ಲ ವಿಚಾರಿಸಿದರು, ಬಳಿಕ ಲಕೋಟೆಯನ್ನು ಮೆಲ್ಲನೆ ಚೀಲಕ್ಕೆ ಸೇರಿಸುತ್ತ ನನ್ನ ಕಿವಿಯಲ್ಲಿ, “ನಮ್ಮವನೇ ಅದಾನ. ನಮ್ಮವರಿಗಿ ಟಿಪ್ ಕೊಟ್ಟರ ಅವಮಾನ ಮಾಡ್ದಂಗ ಆಗ್ತದ” ಎಂದರು. ತರಬೇತುದಾರನಿಗೆ ಮೊಬೈಲಿನಲ್ಲಿ ಐದು ನಕ್ಷತ್ರ ಕೊಟ್ಟರು. ನಕ್ಷತ್ರಗಳಿಗೆ ಚಿಲ್ಲರೆ ಬೇಕಾಗುವುದಿಲ್ಲ.

ಮರುವಾರ ನಾನು ಗಂಜಿಗೆ ಹೋದಾಗ ಹಮಾಲರು ಭಾವನವರ ಗಾದಿಯ ಮುಂದೆ ನಿಂತಿದ್ದರು. ಚೀಲಕ್ಕೆ ಒಂದು ರೂಪಾಯಿ ಹೆಚ್ಚಿಸಬೇಕೆಂಬುದು ಅವರ ಬೇಡಿಕೆಯಾಗಿತ್ತು. “ರೇಟಿನ ಮಾತು ಬ್ಯಾಡ್ರಪಾ. ಹಬ್ಬಕ್ಕ ಖುಷಿಯಿಂದ ಏನರೆ ಕೊಡ್ತೀನಿ” ಎಂದು ಅವರನ್ನು ಸಾಗಹಾಕಿದ ಭಾವನವರು, ಮೇಜಿನ ಮೇಲಿದ್ದ ನೇತ್ರಾಣಿಯ ಲಕೋಟೆಯನ್ನು ಎತ್ತಿಕೊಂಡು, ಮೂಲೆಯ ನಾಣ್ಯವನ್ನು ಉಗುರಿನಿಂದ ಕೆರೆದು ಬಿಡಿಸಿ ಗಲ್ಲಾಕ್ಕೆ ಹಾಕಿದರು.