ಉಳಿದ ನಾಲ್ಕು ಹನಿ

ನಿನ್ನೆ ರಾಯಚೂರಿನಿಂದ ಬಂದಾಗಿನಿಂದ ಸಿಟ್ಟು ಇಳಿದಿಲ್ಲ. ತಂಗಿಯ ಮೊಮ್ಮಗ, 11 ತಿಂಗಳ ಕೂಸು, ಮಿದುಳು ಜ್ವರದಿಂದ ಮಲಗಿ ಹತ್ತು ದಿನವಾಯಿತು. "ಅಕ್ಕಾ, ರಿಪೋರ್ಟಿನಲ್ಲಿ ಏನೂ ಬಂದಿಲ್ಲವಂತೆ" ಎಂದು ತಂಗಿ ನಿರಾಳವಾಗಿ ಕಾಗದ ಕೊಟ್ಟಳು. "ಬೆಳವಣಿಗೆ ಇಲ್ಲ" ಎಂದಿತ್ತು, ಅಂದರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆದಿಲ್ಲ. ಮೇಲಿನ ಸಾಲಿನಲ್ಲೇ, ಬೆನ್ನುಹುರಿಯ ದ್ರವ ಅಕ್ಕಿ ತೊಳೆದ ನೀರಿನಂತೆ ಬಿಳಿಚಿತ್ತು, ಕೀವಿನ ಕಣಗಳಿದ್ದವು ಎಂದೂ ಇತ್ತು!

ಬೆಳೆಯುವುದಾದರೂ ಹೇಗೆ? ಊರಿನ ಕ್ಲಿನಿಕ್ಕಿನಲ್ಲಿ ಎರಡು ದಿನ ಆಂಟಿಬಯಾಟಿಕ್ ಕೊಡಿಸಿ ಆಮೇಲೆ ಕರೆತಂದಿದ್ದರು. ಸತ್ತ ಬ್ಯಾಕ್ಟೀರಿಯಾ, ಬೆಳೆಸಿ ನೋಡುವ ಕಲ್ಚರ್ ತಟ್ಟೆಯಲ್ಲಿ ಮೊಳೆಯುವುದಿಲ್ಲ. ಆದರೆ ಅದರ ಡಿಎನ್‌ಎ ದ್ರವದಲ್ಲಿ ಇನ್ನೂ ಸಿಗಬಹುದು. ಪಿಸಿಆರ್ ಎಂಬ ಪರೀಕ್ಷೆ ಹುಡುಕುವುದು ಅದನ್ನೇ. ಮಿದುಳು ಜ್ವರ ತರುವ ಬ್ಯಾಕ್ಟೀರಿಯಾಗಳಾದ ಹಿಬ್, ನ್ಯುಮೊಕಾಕಸ್, ಮೆನಿಂಗೊಕಾಕಸ್, ಈ ಮೂರರಲ್ಲಿ ಯಾವುದು ಎಂದು ಕೆಲವೇ ಗಂಟೆಗಳಲ್ಲಿ ತಿಳಿಯುತ್ತದೆ. 2020ರಲ್ಲಿ ಎಲ್ಲರ ಮೂಗಿನ ಮಾದರಿಗೂ ಇದೇ ತಂತ್ರ ಬಳಸಿದೆವಲ್ಲ!

"ಉಳಿದ ದ್ರವ ಎಲ್ಲಿ?" ಎಂದು ಲ್ಯಾಬಿನವರನ್ನು ಕೇಳಿದೆ.

"ಎಸೆದುಬಿಟ್ಟೆವು ಮೇಡಂ."

ಚಿಕಿತ್ಸೆ ಹೇಗೂ ನಡೆಯುತ್ತಿದೆ, ಹೆಸರು ಗೊತ್ತಾಗಿ ಏನಾಗಬೇಕು ಎಂದರು ತಂಗಿಯ ಅಳಿಯ. ಕೂಸಿನ ಔಷಧ ಬದಲಾಗಲಿಕ್ಕಿಲ್ಲ, ನಿಜ. ಆದರೆ ಮೆನಿಂಗೊಕಾಕಸ್ ಆಗಿದ್ದರೆ ಅದೇ ಮನೆಯಲ್ಲಿ ಮಲಗುವ ಕೂಸಿನ ಅಕ್ಕನಿಗೂ ತಡೆ ಔಷಧ ಬೇಕಾಗುತ್ತಿತ್ತು. ನ್ಯುಮೊಕಾಕಸ್ ಆಗಿದ್ದರೆ ಯಾವ ಬಗೆ? ಅದರಲ್ಲಿ 100ಕ್ಕೂ ಹೆಚ್ಚು ಬಗೆಗಳಿವೆ, ಲಸಿಕೆ ತಡೆಯುವುದು ಕೆಲವನ್ನಷ್ಟೇ. 2021ರಿಂದ ಆ ಲಸಿಕೆ ದೇಶದೆಲ್ಲೆಡೆ ಉಚಿತ. ಕೂಸಿನ ತಾಯಿ ಕಾರ್ಡಿನಲ್ಲಿ 6 ವಾರ, 14 ವಾರ, 9 ತಿಂಗಳು, ಮೂರೂ ಡೋಸಿನ ಗುರುತಿದೆ. ಹಾಗಿದ್ದೂ ಒಳಗೆ ಬಂದದ್ದು ಯಾವುದು? ಇಂಥ ಪ್ರತಿ ಕೂಸಿನ ಉತ್ತರ ಒಟ್ಟುಗೂಡಿದರೆ ತಾನೇ ಮುಂದಿನ ಲಸಿಕೆಯಲ್ಲಿ ಏನಿರಬೇಕೆಂದು ತಿಳಿಯುವುದು? "ಬೆಳವಣಿಗೆ ಇಲ್ಲ" ಎಂಬ ಕಾಗದದ ರಾಶಿ ಅದನ್ನು ಹೇಳೀತೇ?

ಬರೆಯುತ್ತಿದ್ದಂತೆ ಕೈ ನಡುಗುತ್ತಿದೆ. ನಿವೃತ್ತಿಯವರೆಗೂ ಅದೇ ಎರಡು ಪದ ಬರೆದವಳು ನಾನು. ಸಂಜೆ ಉಳಿದ ಮಾದರಿಗಳನ್ನು ಈ ಕೈಯಾರೆ ಚೆಲ್ಲಿದ್ದೇನೆ. ಆ ಕಾಗದ ಓದಿದ ತಾಯಂದಿರು ಏನೆಂದುಕೊಂಡರೋ ಎಂದು ಒಮ್ಮೆಯೂ ಹೊರಗೆ ಬಂದು ನೋಡಲಿಲ್ಲ.

ಬಳ್ಳಾರಿ, ಕೊಪ್ಪಳ, ರಾಯಚೂರಿನ ಲ್ಯಾಬುಗಳಲ್ಲಿರುವ ನನ್ನ ಮಕ್ಕಳೇ, ಬೆನ್ನುಹುರಿಯ ದ್ರವದ ನಾಲ್ಕು ಹನಿಯನ್ನು ಪಿಸಿಆರಿಗಾಗಿ ಮೊದಲೇ ಬೇರೆ ಸ್ಟೆರೈಲ್ ಟ್ಯೂಬಿಗೆ ತೆಗೆದು ಫ್ರೀಜರಿನಲ್ಲಿಡಿ. ಕಲ್ಚರಿಗೆ ಹೋಗುವುದನ್ನು ಮಾತ್ರ ಫ್ರಿಜ್ಜಿಗೆ ಹಾಕಬೇಡಿ.

ಕೂಸು ಇಂದು ಹಾಲು ಕುಡಿದಿದೆ. ಬಲಗಡೆಯಿಂದ ಕರೆದರೆ ತಿರುಗುತ್ತಿಲ್ಲ. ಸೋಮವಾರ ಕಿವಿಯ ಪರೀಕ್ಷೆ.