ಹಾರ್ಡಿ ಬರೆಯುವುದನ್ನು ಬಿಡಲಿಲ್ಲ
ಇಂಗ್ಲಿಷ್ ಲೇಖಕ ಥಾಮಸ್ ಹಾರ್ಡಿ ಕುರಿತ ಲೇಖನವೊಂದನ್ನು ಇಷ್ಟಪಟ್ಟು ಓದಿದೆ. ಆದರೆ 1895ರಲ್ಲಿ ‘ಜೂಡ್ ದಿ ಅಬ್‌ಸ್ಕ್ಯೂರ್’ ಕಾದಂಬರಿಗೆ ಬಂದ ಬೈಗುಳಕ್ಕೆ ನೊಂದು ಅವರು ಸಾಹಿತ್ಯದಿಂದಲೇ ದೂರ ಸರಿದರು ಎಂಬ ಅದರ ಮಾತನ್ನು ಒಪ್ಪಲಾರೆ. ಕಾದಂಬರಿ ಬಿಟ್ಟದ್ದು ನಿಜ, ಸೇರಿಕೊಂಡದ್ದು ಕಾವ್ಯವನ್ನು. ಲಂಡನ್ನಿನಲ್ಲಿ ವಾಸ್ತುಶಿಲ್ಪಿಯೊಬ್ಬರ ಕಚೇರಿಯಲ್ಲಿ ದುಡಿಯುತ್ತಿದ್ದ ಯೌವನದಲ್ಲೇ ಅವರಿಗೆ ಕವಿತೆಯ ಹಂಬಲವಿತ್ತು. ಮೊದಲ ಸಂಕಲನ ಬಂದಾಗ ವಯಸ್ಸು 58!

1912ರಲ್ಲಿ ಹೆಂಡತಿ ಎಮ್ಮಾ ತೀರಿಕೊಂಡರು. ಒಂದೇ ಸೂರಿನಡಿ ವರ್ಷಗಟ್ಟಲೆ ಮನಸ್ಸು ಮುರಿದುಕೊಂಡು ಬಾಳಿದ್ದ ದಂಪತಿ. ಆಮೇಲೆ ಹಾರ್ಡಿ, ತಾವಿಬ್ಬರೂ ಮೊದಲು ಭೇಟಿಯಾದ ಕಾರ್ನ್‌ವಾಲಿಗೆ ಹೋಗಿ ಬಂದರು. ಆ ದಿನಗಳ ಶೋಕಗೀತೆಗಳನ್ನು ಓದುವಾಗ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ. ಅವರ ‘ಟೆಸ್’ ಕಾದಂಬರಿಗಿಂತಲೂ ಅವೇ ನನಗೆ ಹೆಚ್ಚು. 1928ರಲ್ಲಿ ಅವರ ಚಿತಾಭಸ್ಮ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚನ್ನು ಸೇರಿತು; ಹೃದಯವನ್ನು ಮಾತ್ರ ಸ್ಟಿನ್ಸ್‌ಫರ್ಡ್ ಹಳ್ಳಿಯಲ್ಲಿ, ಎಮ್ಮಾ ಅವರ ಸಮಾಧಿಯಲ್ಲೇ ಹೂಳಲಾಯಿತು.