ಬೈಕು ಅರ್ಧ ದಾರಿಯಲ್ಲೇ ಸತ್ತಿತು ಕಣಪ್ಪಾ

ನಿನ್ನೆ ರಾತ್ರಿ ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು 'ದಿ ಮೋಟರ್‌ಸೈಕಲ್ ಡೈರೀಸ್' ಸಿನಿಮಾ ನೋಡಿದೆ. ನನಗೆ ಎಷ್ಟನೇ ಸಲವೋ. ಅವನಿಗೆ ಮೊದಲ ಸಲ. ಮುಗಿದ ಮೇಲೆ ಏನಾದರೂ ಹೇಳುತ್ತಾನೆ ಅಂತ ಕಾದೆ. "ಮಾಮ, ಜೂನಲ್ಲಿ ಲಡಾಖ್ ಟ್ರಿಪ್ ಫಿಕ್ಸ್. ಬುಲೆಟ್ ಟ್ಯಾಂಕ್ ಮೇಲೆ ಚೆ ಸ್ಟಿಕ್ಕರ್ ಹಾಕಿಸ್ತೀನಿ" ಅಂದ.

ಎರಡು ಗಂಟೆ ಸ್ಪ್ಯಾನಿಷ್ ಕೇಳಿ, ಸಬ್‌ಟೈಟಲ್ ಓದಿ, ದಕ್ಕಿದ್ದು ಒಂದು ಸ್ಟಿಕ್ಕರ್!

ಅಲ್ಲಪ್ಪಾ, ಆ ಬೈಕು ಅರ್ಧ ದಾರಿಯಲ್ಲೇ ಸತ್ತು ಹೋಯಿತಲ್ಲ? 1952ರಲ್ಲಿ 23 ವರ್ಷದ ಮೆಡಿಕಲ್ ವಿದ್ಯಾರ್ಥಿ ಎರ್ನೆಸ್ಟೊ ಗೆವಾರ (ಮುಂದೆ ಕ್ರಾಂತಿಕಾರಿ ಚೆ ಆದವನು ಇವನೇ), ಗೆಳೆಯ ಆಲ್ಬರ್ಟೊ ಗ್ರನಾಡೊ ಜೊತೆ ಅರ್ಜೆಂಟೀನಾ ಬಿಟ್ಟು ಹೊರಟಿದ್ದು ಹಳೇ ನಾರ್ಟನ್ 500ರಲ್ಲಿ. ಹೆಸರು ಲಾ ಪೊದೆರೊಸಾ, ನಮ್ಮ ಮಾತಲ್ಲಿ ಗಟ್ಟಿಗಿತ್ತಿ. ಗಟ್ಟಿಗಿತ್ತಿ ಸಿಕ್ಕ ಸಿಕ್ಕಲ್ಲಿ ಬಿದ್ದು, ಎದ್ದು, ಚಿಲಿಯಲ್ಲಿ ಪ್ರಾಣ ಬಿಟ್ಟಳು. ಆಮೇಲೆಲ್ಲ ಕಾಲ್ನಡಿಗೆ, ಲಾರಿ, ದೋಣಿ, ತೆಪ್ಪ. ಹೆಸರಲ್ಲಿ ಬೈಕಿದೆ, ನಿಜ. ಸಿನಿಮಾ ಶುರುವಾಗುವುದೇ ಬೈಕು ಹೋದ ಮೇಲೆ.

ಅಟಕಾಮ ಮರುಭೂಮಿಯಲ್ಲಿ ಗಂಡ ಹೆಂಡತಿ ಸಿಗುತ್ತಾರಲ್ಲ, ಕಮ್ಯುನಿಸ್ಟರು. ನೆಲ ಕಳೆದುಕೊಂಡು, ಪೊಲೀಸರ ಭಯಕ್ಕೆ ಊರು ಬಿಟ್ಟು, ಗಣಿ ಕೂಲಿಗೆ ಹೊರಟವರು. ನೀವೂ ಕೆಲಸ ಹುಡುಕುತ್ತಿದ್ದೀರಾ ಅಂತ ಕೇಳುತ್ತಾರೆ. ಇಲ್ಲ. ಮತ್ತೆ ಯಾಕೆ ತಿರುಗುತ್ತೀರಿ? ಸುಮ್ನೆ, ತಿರುಗೋಕೆ. ಆ ಹೆಂಗಸು ಬೈಯುವುದಿಲ್ಲ, ನಿಮ್ಮ ಪ್ರಯಾಣಕ್ಕೆ ಒಳ್ಳೆಯದಾಗಲಿ ಅಂತ ಹರಸುತ್ತಾಳೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ನಮ್ಮ ಹುಡುಗ ಆಗ ಅಡುಗೆಮನೆಯಲ್ಲಿ ಚಕ್ಕುಲಿ ಡಬ್ಬ ಹುಡುಕುತ್ತಿದ್ದ.

ಪೆರುವಿನ ಸಾನ್ ಪಾಬ್ಲೊದಲ್ಲಿ ನದಿಯ ಈ ದಡ ಡಾಕ್ಟರು, ನನ್‌ಗಳಿಗೆ, ಆ ದಡ ಕುಷ್ಠರೋಗಿಗಳಿಗೆ. 24ನೇ ಹುಟ್ಟುಹಬ್ಬದ ರಾತ್ರಿ ಎರ್ನೆಸ್ಟೊ ನದಿಗೆ ಧುಮುಕಿ ಆ ದಡಕ್ಕೆ ಈಜುತ್ತಾನೆ, ಅದೂ ಅಸ್ತಮಾ ಇಟ್ಟುಕೊಂಡು. (ಇನ್ಹೇಲರ್ ಕೈಯಲ್ಲಿ ಹಿಡಿದೇ ಸಿನಿಮಾ ನೋಡುವ ನನಗೆ ಅಲ್ಲಿ ಪ್ರತಿ ಸಲ ಉಸಿರು ಕಟ್ಟುತ್ತದೆ. ಸ್ನೇಹಿತರಿಗೆ ಗೊತ್ತೇ ಇದೆ.) ಅಲ್ಲೆಲ್ಲಿತ್ತು ಬೈಕು?

ಅಕ್ಕ ಮಗನ ಪರ. "ಅವರೂ ಮೊದಲು ಹೊರಟಿದ್ದು ಮಜಾ ಮಾಡೋಕೆ ತಾನೇ?" ಅಂದಳು. ಹೌದು. ಕುಷ್ಠರೋಗ ತಜ್ಞರು ಅಂತ ಪೇಪರಲ್ಲಿ ಹಾಕಿಸಿಕೊಂಡು, ಅದನ್ನೇ ತೋರಿಸಿ ಪುಕ್ಕಟೆ ಊಟ, ಪುಕ್ಕಟೆ ರಿಪೇರಿ. ಬುರುಡೆ ಬಿಡುವುದರಲ್ಲಿ ಇಬ್ಬರೂ ನಿಸ್ಸೀಮರು. ಆದರೆ ಯಾರದೋ ಬಾಗಿಲು ತಟ್ಟದೆ ಅವರಿಗೆ ಊಟ ಇರಲಿಲ್ಲ. ನಮ್ಮವನದು ಹಾಗಾ? ಹೋಟೆಲ್ ಬುಕ್ ಆಗಿದೆ, ಹಿಂದೆ ಒಂದು ವ್ಯಾನು, ವ್ಯಾನಲ್ಲೊಬ್ಬ ಮೆಕ್ಯಾನಿಕ್. ಬೈಕು ಕೆಡುವುದಕ್ಕೂ ಬಿಡುವುದಿಲ್ಲ.

ಮುಂದೆ ಅದೇ ಎರ್ನೆಸ್ಟೊ ಕ್ಯೂಬಾ ಕ್ರಾಂತಿಯಾದ ಮೇಲೆ ಹವಾನಾದಲ್ಲಿ ಎಷ್ಟು ಜನರಿಗೆ ಗುಂಡಿಕ್ಕಿಸಿದ ಗೊತ್ತಾ ಅಂತ ಕಾಮೆಂಟ್ ಹಾಕಲು ಕಾಯುತ್ತಿರುವವರೇ, ಗೊತ್ತು. ಆ ಜಗಳ ಇನ್ನೊಂದು ದಿನ ಮಾಡೋಣ. ಇವತ್ತಿನದು ಬೈಕಿನ ಜಗಳ.

ಇಷ್ಟೆಲ್ಲ ಕೂಗಾಡಿ ಮಲಗಿದರೆ ನಿದ್ದೆ ಬರಲಿಲ್ಲ. ನನ್ನ ಬೈಕೂ ಒಮ್ಮೆ ಕೆಟ್ಟಿತ್ತು. ಕೊಡಚಾದ್ರಿಗೆ ಹೋಗುವಾಗ, ನಿಟ್ಟೂರಿನ ಹತ್ತಿರ, ಜೋರು ಮಳೆ. ರಸ್ತೆ ಪಕ್ಕದ ಮನೆಯ ಅಮ್ಮ ಒಳಗೆ ಕರೆದು, ಬಿಸಿ ಗಂಜಿ ಕೊಟ್ಟು, ಒಣ ಪಂಚೆ ಕೊಟ್ಟು ಮಲಗಿಸಿದ್ದರು. ರಾತ್ರಿ ಎದ್ದು ಹಳೇ ಫೋಟೊ ತೆರೆದೆ. ಬೈಕಿನದು ಹದಿನೇಳಿವೆ. ಆ ಅಮ್ಮನದು ಒಂದೂ ಇಲ್ಲ, ಹೆಸರೂ ಕೇಳಿರಲಿಲ್ಲ.